ಮರಳಿದ ಮೇಲೆ ಯಾವ ಮನೆ? ಹೆತ್ತವರ ಜೊತೆಗೋ, ಪಕ್ಕದ ಬೀದಿಗೋ, ಬೇರೆ ಊರಿಗೋ

ವಿದೇಶ ಬಿಟ್ಟು ಬರುವುದೆಂದು ತೀರ್ಮಾನಿಸಿದವರು ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ. ಬರಬೇಕೋ ಬೇಡವೋ ಎಂಬ ಹೊಯ್ದಾಟವನ್ನು ಅವರು ದಾಟಿಯಾಗಿರುತ್ತದೆ. ರಾಜೀನಾಮೆ ಕೊಟ್ಟಿರುತ್ತಾರೆ, ಸಾಮಾನು ಅರ್ಧ ಕಟ್ಟಿರುತ್ತಾರೆ. ಈಗ ಕೇಳುವುದು, ‘ಬಂದು ಇರುವುದೆಲ್ಲಿ?’ ಎಂದು. ಅಪ್ಪ-ಅಮ್ಮನ ಮನೆಯಲ್ಲೇ ಉಳಿದುಬಿಡುವುದೇ? ಹತ್ತಿರದಲ್ಲಿ ಬೇರೆ ಮನೆ ಮಾಡುವುದೇ? ಕೆಲಸ ಸಿಕ್ಕ ಊರಿಗೆ ಹೋಗುವುದೇ? ಅಥವಾ ಅಲ್ಲಿಯ ಮನೆಯನ್ನೂ ಉಳಿಸಿಕೊಂಡು ವರ್ಷದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದು ಬಾಳುವುದೇ?

ನಾನು ಹನ್ನೊಂದು ವರ್ಷ ಹೊರಗಿದ್ದು ಮರಳಿದವನು. ಹೆಂಡತಿ, ಮಗಳೊಂದಿಗೆ ಮೊದಲ ಏಳು ತಿಂಗಳು ಹೆತ್ತವರ ಮನೆಯಲ್ಲಿದ್ದೆ. ಆಮೇಲೆ ಅಲ್ಲಿಂದ ಹತ್ತು ನಿಮಿಷ ನಡೆದರೆ ಸಿಗುವ ಬಾಡಿಗೆ ಮನೆಗೆ ಹೋದೆವು, ಈಗಲೂ ಅಲ್ಲಿಯೇ ಇದ್ದೇವೆ. ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನಮಗೆ ಒಗ್ಗಿದ್ದು ಎಲ್ಲರಿಗೂ ಒಗ್ಗುವುದಿಲ್ಲ ಎಂಬುದನ್ನು ಆಪ್ತರ ಮನೆಗಳಲ್ಲೇ ಕಂಡಿದ್ದೇನೆ. ಆದ್ದರಿಂದ ಮನೆಗಳ ಮಾತಿಗೆ ಮೊದಲು ಅಳತೆಗೋಲಿನ ಮಾತು.

ಯಾವುದರಿಂದ ಅಳೆಯುವುದು

ಮೊದಲನೆಯದು, ನೀವು ಯಾಕೆ ಬರುತ್ತಿದ್ದೀರಿ ಎಂಬುದು. ಗಂಡ-ಹೆಂಡತಿ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಒಂದೇ ವಾಕ್ಯದಲ್ಲಿ ಕಾರಣ ಬರೆದು ಆಮೇಲೆ ಅದಲುಬದಲು ಮಾಡಿಕೊಂಡು ಓದಿ. ಒಬ್ಬರ ಹಾಳೆಯಲ್ಲಿ ‘ಅಪ್ಪನ ಆರೋಗ್ಯ’ ಎಂದೂ ಇನ್ನೊಬ್ಬರ ಹಾಳೆಯಲ್ಲಿ ‘ನನ್ನ ನೆಲದಲ್ಲಿ ನನ್ನದೇ ಕೆಲಸ’ ಎಂದೂ ಇದ್ದರೆ, ಮನೆ ಹುಡುಕುವ ಮೊದಲು ಮಾತಾಡಬೇಕಾದದ್ದು ಬೇರೆಯೇ ಇದೆ ಎಂದು ಅರ್ಥ. ಹೆತ್ತವರನ್ನು ನೋಡಿಕೊಳ್ಳಲು ಬರುವವರಿಗೆ ಬೇರೆ ಊರಿನ ಮನೆ ಎಷ್ಟು ಚೆಂದವಿದ್ದರೂ ಉತ್ತರವಾಗುವುದಿಲ್ಲ.

ಎರಡನೆಯದು, ಮಾಮೂಲಿ ದಿನ. ಹೊರಗಿದ್ದಷ್ಟು ವರ್ಷ ನಾವು ತವರನ್ನು ನೋಡಿದ್ದು ರಜೆಯಲ್ಲಿ ಮಾತ್ರ. ನಾವು ಬಂದಾಗ ಮನೆಗೂ ರಜೆ. ಅಪ್ಪ ತಮ್ಮ ವೈದ್ಯರ ಭೇಟಿಯನ್ನು ಮುಂದೂಡಿರುತ್ತಾರೆ, ಅಮ್ಮ ಮೊಣಕಾಲು ನೋವನ್ನು ಬಾಯಿಬಿಟ್ಟು ಹೇಳಿರುವುದಿಲ್ಲ, ನಾವೂ ಬೇಸರವನ್ನು ನುಂಗಿಕೊಂಡಿರುತ್ತೇವೆ. ಎರಡು ಮೂರು ವಾರ ಯಾರು ಬೇಕಾದರೂ ಹಾಗೆ ಇರಬಲ್ಲರು. ನೀವೀಗ ಅಳೆಯಬೇಕಾದದ್ದು ಏನೂ ವಿಶೇಷವಿಲ್ಲದ ಒಂದು ಮಂಗಳವಾರವನ್ನು. ಬೆಳಿಗ್ಗೆ ಏಳು ಗಂಟೆಗೆ ಬಚ್ಚಲಿಗಾಗಿ ಎಷ್ಟು ಜನ ಕಾಯುತ್ತಾರೆ? ಬಾಗಿಲು ಹಾಕಿಕೊಂಡು ಕೆಲಸ ಮಾಡಲು ನಿಮಗೊಂದು ಕೋಣೆ ಇದೆಯೇ? ಸಂಜೆ ಯಾರು ಯಾರನ್ನು ಎಲ್ಲಿಗೆ ಕರೆದೊಯ್ಯುತ್ತಾರೆ?

ಮೂರನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ: ತೀರ್ಮಾನ ತಪ್ಪಾದರೆ ತಿದ್ದಿಕೊಳ್ಳಲು ತಗಲುವ ಬೆಲೆ. ಮೊದಲ ವರ್ಷ ನಮ್ಮ ಮನಸ್ಸೇ ನಮಗೆ ಸರಿಯಾದ ವರದಿ ಕೊಡುವುದಿಲ್ಲ. ಸಮಾಜಶಾಸ್ತ್ರಜ್ಞ ಆಲ್ಫ್ರೆಡ್ ಶುಟ್ಸ್ 1945ರಲ್ಲಿ, ಯುದ್ಧದಿಂದ ಮನೆಗೆ ಮರಳುವ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪ್ರಬಂಧದಲ್ಲಿ ಇದನ್ನು ಸ್ಪಷ್ಟವಾಗಿ ಗುರುತಿಸಿದ್ದಾರೆ. ಪರನಾಡಿಗೆ ಹೋಗುವವನಿಗೆ ಅಲ್ಲಿ ಎಲ್ಲವೂ ಹೊಸದು ಎಂಬುದು ಮೊದಲೇ ಗೊತ್ತಿರುತ್ತದೆ. ಮನೆಗೆ ಮರಳುವವನು ಮಾತ್ರ ಎಲ್ಲವೂ ತನಗೆ ಗೊತ್ತಿದೆ ಎಂದೇ ಬರುತ್ತಾನೆ. ಅಷ್ಟರಲ್ಲಿ ಮನೆಯೂ ಬದಲಾಗಿರುತ್ತದೆ, ಅವನೂ ಬದಲಾಗಿರುತ್ತಾನೆ. 1963ರಲ್ಲಿ ಸಂಶೋಧಕರಾದ ಗಲಾಹಾರ್ನ್ ದಂಪತಿ ಈ ಏರಿಳಿತಕ್ಕೆ ಇಂಗ್ಲಿಷಿನ ‘ಡಬ್ಲ್ಯೂ’ ಅಕ್ಷರದ ರೂಪ ಕೊಟ್ಟರು: ಪರದೇಶಕ್ಕೆ ಹೋದಾಗ ಒಮ್ಮೆ ಮನಸ್ಸು ಕುಸಿದು ಏಳುತ್ತದೆ, ತವರಿಗೆ ಬಂದಾಗ ಮತ್ತೊಮ್ಮೆ ಕುಸಿದು ಏಳುತ್ತದೆ. ಎಲ್ಲರಿಗೂ ಇದು ಅಚ್ಚೊತ್ತಿದಂತೆ ಹೀಗೇ ಆಗುವುದಿಲ್ಲ. ನನಗೆ ಮೂರನೇ ತಿಂಗಳಿಂದ ಆರನೇ ತಿಂಗಳವರೆಗಿನ ದಿನಗಳು ಭಾರವಾಗಿದ್ದವು. ಆ ದಿನಗಳಲ್ಲಿ ಮನೆ ಕೊಂಡಿದ್ದರೆ, ಅಥವಾ ಎಲ್ಲ ಬಿಟ್ಟು ವಾಪಸು ಹೊರಟಿದ್ದರೆ, ಎರಡೂ ತಪ್ಪಾಗುತ್ತಿದ್ದವು. ಆದ್ದರಿಂದ ಮೊದಲ ವರ್ಷದ ಮನೆ ಸುಲಭವಾಗಿ ಬಿಡಬಹುದಾದ ಮನೆಯಾಗಿರಲಿ.

ಹಣದ ವಿಷಯದಲ್ಲಿ ಒಟ್ಟು ಉಳಿತಾಯವನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ, ಹೆದರಲೂ ಬೇಡಿ. ಸಂಬಳವಿಲ್ಲದೆ ಎಷ್ಟು ತಿಂಗಳು ನಡೆಯುತ್ತದೆ ಎಂದು ಎಣಿಸಿ. ಹನ್ನೆರಡು ತಿಂಗಳಿಗಿಂತ ಕಡಿಮೆ ಇದ್ದರೆ ನಿಮ್ಮ ಆಯ್ಕೆಗಳು ತಾವಾಗಿಯೇ ಕಿರಿದಾಗುತ್ತವೆ. ಇನ್ನೊಂದು ಸಂಗತಿ ಬಹಳ ಮಂದಿಗೆ ಬಂದ ಮೇಲೆಯೇ ಗೊತ್ತಾಗುತ್ತದೆ. ಅಲ್ಲಿ ನೀವು ವರ್ಷಗಟ್ಟಲೆ ತಪ್ಪದೆ ಸಾಲದ ಕಂತು ಕಟ್ಟಿ ಗಳಿಸಿದ ಒಳ್ಳೆಯ ಹೆಸರು ಸಾಮಾನ್ಯವಾಗಿ ಗಡಿ ದಾಟಿ ಬರುವುದಿಲ್ಲ. ಇಲ್ಲಿಯ ಬ್ಯಾಂಕಿಗೂ ಮನೆಯ ಮಾಲೀಕರಿಗೂ ನೀವು ಹೊಸಬರು. ಈಚಿನ ತಿಂಗಳ ಸಂಬಳ ಚೀಟಿ ಇಲ್ಲದವರು ಹೆಚ್ಚು ಮುಂಗಡ ಕೊಡಬೇಕಾಗಬಹುದು, ಅದಕ್ಕೆ ಹಣ ತೆಗೆದಿಡಿ.

ಕೊನೆಯದು ಮಕ್ಕಳ ವಯಸ್ಸು. ಅದರ ಮಾತು ಮುಂದೆ ಬರುತ್ತದೆ.

ಅಪ್ಪ-ಅಮ್ಮನ ಮನೆಯಲ್ಲೇ

ಖರ್ಚಿನ ಲೆಕ್ಕದಲ್ಲಿ ಇದಕ್ಕೆ ಸಾಟಿಯಿಲ್ಲ. ಬಾಡಿಗೆ ಇಲ್ಲ, ಮುಂಗಡ ಇಲ್ಲ, ಪಾತ್ರೆ-ಪಗಡಿಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಿಲ್ಲ. ಕೆಲಸ ಇನ್ನೂ ಸಿಗದವರಿಗೆ ಇದು ನಿಜವಾದ ಆಸರೆ. ಹೆತ್ತವರು ಹಾಸಿಗೆ ಹಿಡಿದಿದ್ದರೆ, ರಾತ್ರಿ ಒಬ್ಬರು ಎದ್ದು ನೋಡಬೇಕಾದ ಸ್ಥಿತಿಯಿದ್ದರೆ, ಬೇರೆ ಯಾವ ದಾರಿಯನ್ನೂ ನಾನು ಸೂಚಿಸುವುದಿಲ್ಲ.

ಚಿಕ್ಕ ಮಕ್ಕಳಿಗೆ ಇಲ್ಲಿ ಸಿಗುವುದು ಇನ್ನೆಲ್ಲೂ ಸಿಗದು. ನಮ್ಮ ಮಗಳು ಆರು ವರ್ಷದವಳಿದ್ದಾಗ ಬಂದೆವು. ಮನೆಮಾತು ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅಲ್ಲಿಯ ಭಾಷೆಯಲ್ಲಿ ಬರುತ್ತಿತ್ತು. ಅಜ್ಜಿಯ ಜೊತೆ ಎರಡು ತಿಂಗಳು ಕಳೆಯುವಷ್ಟರಲ್ಲಿ ನಿದ್ದೆಗಣ್ಣಿನಲ್ಲೂ ಮನೆಮಾತನ್ನೇ ಆಡತೊಡಗಿದಳು. ಇದರ ಮತ್ತೊಂದು ಮಗ್ಗುಲೂ ಇದೆ. ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋದವರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ತಾವು ಮೊದಲು ಕಲಿತ ಕೊರಿಯನ್ ಭಾಷೆಯ ವಾಕ್ಯಗಳನ್ನು ಗುರುತಿಸಲೂ ಅವರಿಂದ ಆಗಲಿಲ್ಲ. ಎಳೆಯ ವಯಸ್ಸಿನಲ್ಲಿ ಭಾಷೆ ಬರುವಷ್ಟೇ ಬೇಗ ಹೋಗುತ್ತದೆ. ಹೊರಗೆ ಕಲಿತದ್ದೂ ಉಳಿಯಬೇಕೆಂದರೆ ಅದಕ್ಕೆ ದಿನವೂ ಸ್ವಲ್ಪ ಹೊತ್ತು ಮೀಸಲಿಡಬೇಕು.

ಇನ್ನು ಕಷ್ಟದ ಮಾತು. ಹೆತ್ತವರ ಮನೆಯಲ್ಲಿ ಜಗಳವಾಗುತ್ತದೆ ಎಂದು ಹೆದರುವವರು ಬಹಳ. ನಾನು ಕಂಡ ಕಷ್ಟ ಜಗಳದ್ದಾಗಿರಲಿಲ್ಲ, ಎರಡು ದಿನಚರಿಗಳು ಒಂದೇ ಬಾಗಿಲಲ್ಲಿ ಎದುರಾಗುವ ಕಷ್ಟ. ಅಮ್ಮ ರಾತ್ರಿ ಒಂಬತ್ತೂವರೆಗೆ ಮುಂಬಾಗಿಲ ಚಿಲಕ ಹಾಕುತ್ತಾರೆ. ಹಳೆಯ ಕಬ್ಬಿಣದ ಚಿಲಕ. ಎರಡು ಸಲ ಮೇಲೆತ್ತಿ ಬಲಕ್ಕೆ ಜಾರಿಸಿದರೆ ಮಾತ್ರ ಕೂರುತ್ತದೆ, ಆ ಸದ್ದು ಹಿಂದಿನ ಕೋಣೆಗೂ ಕೇಳುತ್ತದೆ. ನಾನು ಮೊದಲ ಕೆಲವು ತಿಂಗಳು ಹಳೆಯ ಕಚೇರಿಗೇ ದೂರದಿಂದ ಕೆಲಸ ಮಾಡುತ್ತಿದ್ದೆ. ಅವರ ಮಧ್ಯಾಹ್ನ ನಮ್ಮ ರಾತ್ರಿ. ಸಭೆ ಮುಗಿಯುವಾಗ ಹನ್ನೊಂದಾಗುತ್ತಿತ್ತು, ಕಾಲಾಡಿಸಿಕೊಂಡು ಬರಲು ಆಗ ಹೊರಗೆ ಹೋಗುತ್ತಿದ್ದೆ. ಅಮ್ಮ ಬೇಡವೆನ್ನಲಿಲ್ಲ. ನಾನು ಮರಳಿ ಬರುವವರೆಗೆ ನಿದ್ದೆ ಮಾಡುತ್ತಿರಲಿಲ್ಲ, ಅಷ್ಟೇ. ಬೆಳಗಿನ ಐದಕ್ಕೆ ಅವರು ಎಂದಿನಂತೆ ಏಳುತ್ತಿದ್ದರು. ನನಗಿದು ತಿಳಿಯಲು ತಿಂಗಳುಗಳೇ ಬೇಕಾದವು.

ಅಪ್ಪನದು ಮಾತ್ರೆಯ ಡಬ್ಬಿ. ಏಳು ದಿನಕ್ಕೆ ಏಳು ಗೂಡು, ಪ್ರತಿ ಭಾನುವಾರ ಕನ್ನಡಕ ಹಾಕಿಕೊಂಡು ತಾವೇ ತುಂಬಿಸಿಕೊಳ್ಳುತ್ತಿದ್ದರು. ನಾನು ಬಂದ ಎರಡನೇ ವಾರ ನೆರವಾಗುತ್ತೇನೆಂದು ಆ ಕೆಲಸ ಕೈಗೆತ್ತಿಕೊಂಡೆ. ಅವರು ಡಬ್ಬಿಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡು, ‘ಇಷ್ಟು ವರ್ಷ ನಾನೇ ಮಾಡಿದ್ದೇನಪ್ಪಾ’ ಎಂದರು. ನಾವು ಸಹಾಯವೆಂದು ಮಾಡುವ ಕೆಲಸದಲ್ಲಿ ಅವರ ಸ್ವಾತಂತ್ರ್ಯದ ಒಂದು ತುಂಡು ಇರಬಹುದು. ಕೈಕಾಲು ಗಟ್ಟಿಯಿರುವ ಹೆತ್ತವರ ಮನೆಗೆ ಹೋಗುವವರು ಇದನ್ನು ಮನಸ್ಸಿನಲ್ಲಿಡಬೇಕು.

ಸೊಸೆಯಾಗಿ ಅಥವಾ ಅಳಿಯನಾಗಿ ಆ ಮನೆಗೆ ಬರುವವರ ಪಾಡು ಇನ್ನೂ ಬೇರೆ. ನಿಮಗೆ ಅದು ಮರಳಿದ ಮನೆ, ಅವರಿಗೆ ಇನ್ನೊಬ್ಬರ ಮನೆ. ಯಾವ ಕಪಾಟಿನಲ್ಲಿ ಏನಿದೆ ಎಂದು ನಿಮ್ಮ ಕೈಗೆ ಕತ್ತಲಲ್ಲೂ ಗೊತ್ತು, ಅವರು ಕೇಳಿ ತಿಳಿಯಬೇಕು. ಇಬ್ಬರಲ್ಲಿ ಹೆಚ್ಚು ಬಿಟ್ಟು ಬಂದವರು ಯಾರೋ, ಅವರ ಮಾತಿಗೆ ಹೆಚ್ಚು ತೂಕ ಕೊಡಿ.

ಹತ್ತು ನಿಮಿಷದ ದೂರದಲ್ಲಿ ಬೇರೆ ಮನೆ

ನಾವು ಮನೆ ಬದಲಿಸಿದ್ದಕ್ಕೆ ಮಗಳ ಒಂದು ಪ್ರಶ್ನೆಯೂ ಕಾರಣ. ಆರನೇ ತಿಂಗಳು ಕಳೆದಿತ್ತು. ಒಂದು ಸಂಜೆ ಅಜ್ಜನ ಮನೆಯ ಮೆಟ್ಟಿಲ ಮೇಲೆ ಬೂಟು ಬಿಚ್ಚುತ್ತಾ, ‘ನಾವು ನಮ್ಮ ಮನೆಗೆ ಯಾವಾಗ ಹೋಗುವುದು?’ ಎಂದಳು. ಅವಳಿಗೆ ಅಲ್ಲಿ ಯಾವ ಕೊರತೆಯೂ ಇರಲಿಲ್ಲ. ತನ್ನ ಚಿತ್ರಗಳನ್ನು ಅಂಟಿಸಲು ಒಂದು ಗೋಡೆ ಬೇಕಿತ್ತು, ಅಜ್ಜನ ಮನೆಯ ಗೋಡೆಗೆ ಏನನ್ನೂ ಅಂಟಿಸಬಾರದು ಎಂದು ನಾನೇ ಹೇಳಿದ್ದೆ.

ಈ ದಾರಿಯಲ್ಲಿ ಖರ್ಚು ಖಂಡಿತ ಹೆಚ್ಚು. ಎರಡು ಅಡುಗೆಮನೆ, ಎರಡು ವಿದ್ಯುತ್ ಬಿಲ್ಲು, ಬಾಡಿಗೆ. ಸಂಬಳ ಶುರುವಾಗದವರಿಗೆ ನಾನು ಇದನ್ನು ಹೇಳುವುದಿಲ್ಲ. ಸಂಬಳ ಇರುವವರಿಗೆ, ಹೆತ್ತವರು ಇನ್ನೂ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಗಟ್ಟಿಯಿರುವವರಿಗೆ, ನಾಲ್ಕರಲ್ಲಿ ಇದೇ ಹೆಚ್ಚು ಬಾಳಿಕೆ ಬರುವ ದಾರಿ ಎಂಬುದು ನನ್ನ ಅನುಭವ.

ಇಲ್ಲಿ ದೂರವೇ ಎಲ್ಲ. ವಾಹನ ಬೇಕಾಗುವಷ್ಟು ದೂರವಾದರೆ ಹೋಗುವುದೊಂದು ಕಾರ್ಯಕ್ರಮವಾಗುತ್ತದೆ, ವಾರಕ್ಕೊಮ್ಮೆ ಆಗುತ್ತದೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಎದುರು ಮನೆಯಾದರೆ ಬೇರೆ ಮನೆ ಮಾಡಿ ಏನೂ ಬದಲಾದಂತೆ ಆಗುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋಗಿ ಬರಬಹುದಾದ, ಆದರೆ ಕಿಟಕಿಯಿಂದ ಕಾಣದ ದೂರವನ್ನು ಹುಡುಕಿ. ಮಗಳು ಈಗ ಶಾಲೆಯಿಂದ ನೇರವಾಗಿ ಅಜ್ಜಿಯ ಬಳಿ ಹೋಗುತ್ತಾಳೆ, ಆರೂವರೆಗೆ ನಾನು ಹೋಗಿ, ಅರ್ಧ ಗಂಟೆ ಕೂತು ಕರೆತರುತ್ತೇನೆ. ಆ ಅರ್ಧ ಗಂಟೆಯಲ್ಲಿ ಅಪ್ಪ ನನಗೆ ಹೇಳುವ ಸಂಗತಿಗಳನ್ನು ಒಂದೇ ಸೂರಿನಡಿ ಇದ್ದ ಏಳು ತಿಂಗಳಲ್ಲಿ ಹೇಳಿರಲಿಲ್ಲ. ಬರುವ ಹೊತ್ತು ನಿಗದಿಯಾದರೆ ಮಾತಿಗೂ ಒಂದು ಹೊತ್ತು ಸಿಗುತ್ತದೆ.

ಬೇರೆ ಹೋಗುವ ಮಾತನ್ನು ಹೆತ್ತವರಿಗೆ ತಿಳಿಸುವುದು ಈ ದಾರಿಯ ಅತಿ ಕಠಿಣ ಭಾಗ. ಬಂದವರು ಬಿಟ್ಟು ಹೋದರು ಎಂಬ ನೋವು ಅವರಿಗೆ ಎರಡನೆಯ ಸಲ. ನೆಂಟರ ಬಾಯಿಂದ ತಿಳಿಯುವಂತೆ ಮಾಡಬೇಡಿ. ಸಾಧ್ಯವಾದರೆ ಮನೆ ನೋಡಲು ಮೊದಲು ಅವರನ್ನೇ ಕರೆದುಕೊಂಡು ಹೋಗಿ. ನೀರಿನ ಒತ್ತಡ ಸರಿಯಿಲ್ಲ ಎಂದು ನಾವು ಒಪ್ಪಿದ್ದ ಮೊದಲ ಮನೆಯನ್ನು ಅಮ್ಮ ತಳ್ಳಿಹಾಕಿದರು. ಈಗಿನ ಮನೆಯನ್ನು ಆರಿಸಿದ್ದು ಅವರೇ.

ಕೆಲಸ ಸಿಕ್ಕ ಬೇರೆ ಊರು

ಸ್ವದೇಶದಲ್ಲೇ, ಆದರೆ ಹುಟ್ಟಿದ ಊರಲ್ಲಿ ಅಲ್ಲ. ವೃತ್ತಿಗಾಗಿ ಬರುವವರಿಗೆ, ಹೆತ್ತವರು ಇಲ್ಲದವರಿಗೆ ಅಥವಾ ಅವರನ್ನು ಅಣ್ಣ-ತಂಗಿಯರು ನೋಡಿಕೊಳ್ಳುತ್ತಿರುವವರಿಗೆ ಇದು ಸರಿಯಾದ ದಾರಿ. ಹೊಸ ಊರಿಗೆ ಹೊಸಬರಾಗಿಯೇ ಹೋಗುವುದರಿಂದ ಹಳೆಯ ನೆನಪಿನೊಂದಿಗೆ ಹೋಲಿಸಿ ನೊಂದುಕೊಳ್ಳುವುದು ಕಡಿಮೆ. ವಿದೇಶದಲ್ಲಿ ನೆಲೆಯೂರಲು ಬಳಸಿದ ಬುದ್ಧಿಯೇ ಇಲ್ಲೂ ನೆರವಿಗೆ ಬರುತ್ತದೆ: ವಿಚಾರಿಸುವುದು, ಗೆಳೆತನ ಮಾಡುವುದು, ನೆರೆಯವರ ಬಾಗಿಲು ತಟ್ಟುವುದು.

ಹದಿಹರೆಯದ ಮಕ್ಕಳಿದ್ದವರು ಈ ದಾರಿಯನ್ನು ಗಂಭೀರವಾಗಿ ಯೋಚಿಸಿ. ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ 1950ರ ದಶಕದಲ್ಲೇ ಪರದೇಶದಲ್ಲಿ ಬೆಳೆದ ಮಕ್ಕಳನ್ನು ‘ಮೂರನೇ ಸಂಸ್ಕೃತಿಯ ಮಕ್ಕಳು’ ಎಂದು ಕರೆದರು. ಹೆತ್ತವರದೂ ಪೂರ್ತಿ ಅಲ್ಲದ, ಇದ್ದ ನಾಡಿನದೂ ಪೂರ್ತಿ ಅಲ್ಲದ ಒಂದು ಬಾಳು ಅವರದು. ನಿಮಗೆ ಇದು ಮರಳುವಿಕೆ, ಹದಿನಾಲ್ಕರ ಮಗನಿಗೆ ಇದು ಮೊದಲ ವಲಸೆ. ಅಂಥವರು ಬೇರೆ ಬೇರೆ ಕಡೆಯಿಂದ ಬಂದ ಮಕ್ಕಳಿರುವ ಶಾಲೆಯಲ್ಲಿ ಬೇಗ ಹೊಂದಿಕೊಳ್ಳುತ್ತಾರೆ, ಅದು ದೊಡ್ಡ ಊರುಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಬಿಟ್ಟು ಬರುವ ಮೊದಲೇ ಅವರ ಶಾಲೆಯ ಅಂಕಪಟ್ಟಿ, ವರ್ಗಾವಣೆ ಪತ್ರಗಳಿಗೆ ಅಲ್ಲಿಯ ಸರ್ಕಾರದ ಮುದ್ರೆ ಹಾಕಿಸಿಕೊಳ್ಳಿ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಅಪಾಸ್ಟಿಲ್ ಎಂಬ ಒಂದೇ ಮುದ್ರೆ ಸಾಕಾಗುತ್ತದೆ. ಇಲ್ಲಿಗೆ ಬಂದ ಮೇಲೆ ಅಂಚೆಯ ಮೂಲಕ ಮಾಡಿಸುವುದು ತಿಂಗಳುಗಟ್ಟಲೆಯ ಕೆಲಸ.

ಆದರೆ ಹೆತ್ತವರಿಗೆ ವಯಸ್ಸಾಗಿದ್ದರೆ ಒಂದು ಪ್ರಶ್ನೆಗೆ ಉತ್ತರ ಸಿದ್ಧವಿರಲಿ: ರಾತ್ರಿ ಎರಡಕ್ಕೆ ಫೋನ್ ಬಂದರೆ ಎಷ್ಟು ಗಂಟೆಯಲ್ಲಿ ತಲುಪುತ್ತೀರಿ? ಆರು ಗಂಟೆಯೊಳಗೆ ಎಂದಾದರೆ ನೆಮ್ಮದಿಯಿಂದ ಹೋಗಿ.

ಅರ್ಧ ಅಲ್ಲಿ, ಅರ್ಧ ಇಲ್ಲಿ

ಕೇಳಲು ಎಲ್ಲಕ್ಕಿಂತ ಸೊಗಸಾಗಿರುವ ದಾರಿ ಇದು. ನಡೆಸಲು ಎಲ್ಲಕ್ಕಿಂತ ದುಬಾರಿ. ನಿವೃತ್ತರಾದವರು, ಬೆಳೆದ ಮಕ್ಕಳು ಅಲ್ಲಿಯೇ ಉಳಿದವರು, ಎರಡೂ ಕಡೆ ಸ್ವಂತ ಮನೆ ಇರುವವರು ಮಾತ್ರ ಇದನ್ನು ಯೋಚಿಸಬೇಕು ಎನ್ನುತ್ತೇನೆ. ಶಾಲೆಗೆ ಹೋಗುವ ಮಕ್ಕಳಿದ್ದವರು ಬೇಡವೇ ಬೇಡ.

ಮೊದಲು ತೆರಿಗೆ. ಹಲವು ದೇಶಗಳು ವರ್ಷದಲ್ಲಿ 183 ದಿನಗಳ ವಾಸವನ್ನು ಗೆರೆಯಾಗಿ ಇಟ್ಟುಕೊಂಡಿವೆ. ಆದರೆ ದಿನಗಳ ಲೆಕ್ಕವೊಂದೇ ಸಾಲದು. ಖಾಯಂ ಮನೆ ಎಲ್ಲಿದೆ, ಸಂಸಾರ ಎಲ್ಲಿದೆ ಎಂಬುದನ್ನೂ ನೋಡುವ ದೇಶಗಳಿವೆ. ಅಮೆರಿಕವಂತೂ ತನ್ನ ಪ್ರಜೆಗಳು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅವರ ಆದಾಯಕ್ಕೆ ತೆರಿಗೆಯ ಲೆಕ್ಕ ಕೇಳುತ್ತದೆ. ಆಮೇಲೆ ವಾಸದ ಹಕ್ಕು. ಅಮೆರಿಕದ ಗ್ರೀನ್ ಕಾರ್ಡ್ ಇದ್ದವರು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹೊರಗಿರುವುದಾದರೆ ಮರುಪ್ರವೇಶದ ಪರವಾನಗಿಯನ್ನು ಮೊದಲೇ ಪಡೆದಿರಬೇಕು. ಬೇರೆ ದೇಶಗಳದೂ ಅವರವರದೇ ಮಿತಿ. ಎರಡೂ ದೇಶಗಳ ತೆರಿಗೆ ಬಲ್ಲ ಒಬ್ಬರಿಗೆ ಶುಲ್ಕ ಕೊಟ್ಟು ಒಮ್ಮೆ ಕೂತು ಮಾತಾಡಿ. ಈ ದಾರಿಯಲ್ಲಿ ಅದು ಮೊದಲ ಖರ್ಚು, ತಪ್ಪಿಸಬಾರದ ಖರ್ಚು.

ದೇಹದ ಲೆಕ್ಕವೂ ಇದೆ. ಒಂದು ಕಾಲವಲಯ ದಾಟಿದ್ದಕ್ಕೆ ಸುಮಾರು ಒಂದು ದಿನ ಎಂಬುದು ನಿದ್ದೆ ಹದಕ್ಕೆ ಬರಲು ಬೇಕಾಗುವ ಸಮಯದ ಅಂದಾಜು. ಪೂರ್ವಕ್ಕೆ ಹಾರಿದಾಗ ಹೆಚ್ಚು ಕಷ್ಟ, ಏಕೆಂದರೆ ನಮ್ಮ ಒಳಗಿನ ಗಡಿಯಾರ ಸಾಮಾನ್ಯವಾಗಿ 24 ಗಂಟೆಗಿಂತ ಸ್ವಲ್ಪ ನಿಧಾನವಾಗಿ ಓಡುತ್ತದೆ, ಅದನ್ನು ಮುಂದಕ್ಕೆ ತಳ್ಳುವುದು ಹಿಂದಕ್ಕೆ ಎಳೆಯುವುದಕ್ಕಿಂತ ಕಠಿಣ. ಎಪ್ಪತ್ತು ದಾಟಿದವರು ವರ್ಷಕ್ಕೆರಡು ಸಲ ಇದನ್ನು ಎಷ್ಟು ಕಾಲ ಸಹಿಸಬಲ್ಲರು ಎಂದು ಯೋಚಿಸಿ. ಆರೋಗ್ಯ ವಿಮೆಯನ್ನೂ ಈಗಲೇ ವಿಚಾರಿಸಿ. ಮೊದಲೇ ಇದ್ದ ಕಾಯಿಲೆಗಳಿಗೆ ಹೊಸ ವಿಮೆಯಲ್ಲಿ ಕಾಯುವ ಅವಧಿ ಇರುವುದುಂಟು, ಅದು ಮುಗಿಯುವವರೆಗೆ ಕೈಯಿಂದಲೇ ಕಟ್ಟಬೇಕಾದೀತು.

ಸಾಮಾನಿನ ಬಗ್ಗೆ ಒಂದು ಮಾತು

ಮನೆ ಗೊತ್ತಾಗುವ ಮೊದಲು ಹಡಗಿನಲ್ಲಿ ಸಾಮಾನು ಕಳಿಸಬೇಡಿ. ಕಳಿಸಿದ ಮಂಚ, ಸೋಫಾಗಳಿಗೆ ತಕ್ಕಂತೆ ಮನೆ ಹುಡುಕಿ ಬೇಡದಷ್ಟು ದೊಡ್ಡ ಬಾಡಿಗೆ ಕಟ್ಟುತ್ತಿರುವ ಸಂಸಾರಗಳನ್ನು ನೋಡಿದ್ದೇನೆ. 110-120 ವೋಲ್ಟ್, 60 ಹರ್ಟ್ಸ್ ಇರುವ ನಾಡಿನಿಂದ 220-240 ವೋಲ್ಟ್, 50 ಹರ್ಟ್ಸ್ ಇರುವ ನಾಡಿಗೆ ಬರುವವರು ಮೋಟಾರು ಇರುವ ಯಂತ್ರಗಳನ್ನು ಅಲ್ಲಿಯೇ ಕೊಟ್ಟು ಬನ್ನಿ. ಪರಿವರ್ತಕ ವೋಲ್ಟೇಜನ್ನು ಬದಲಿಸಿದರೂ ಹರ್ಟ್ಸನ್ನು, ಅಂದರೆ ವಿದ್ಯುತ್ತಿನ ಆವರ್ತನವನ್ನು, ಸಾಮಾನ್ಯವಾಗಿ ಬದಲಿಸುವುದಿಲ್ಲ. ಲ್ಯಾಪ್‌ಟಾಪ್, ಮೊಬೈಲ್‌ಗಳ ಚಾರ್ಜರ್ ಬಹುತೇಕ ಎರಡಕ್ಕೂ ಹೊಂದುತ್ತದೆ. ಮಗಳ ಚಿತ್ರಗಳ ಸುರುಳಿಯನ್ನು ನಾವು ಕೈಚೀಲದಲ್ಲೇ ತಂದೆವು.

ಇನ್ನೂ ತೂಗುತ್ತಿದ್ದರೆ

ಕೆಲಸ ಇಲ್ಲ, ಉಳಿತಾಯ ಒಂದು ವರ್ಷಕ್ಕೆ ಸಾಲದು ಎಂದಾದರೆ ಹೆತ್ತವರ ಮನೆಗೇ ಹೋಗಿ. ಹೋಗುವಾಗಲೇ ‘ಎಂಟು ತಿಂಗಳು’ ಎಂದೋ ‘ಮಗುವಿನ ಶಾಲೆಯ ವರ್ಷ ಮುಗಿಯುವವರೆಗೆ’ ಎಂದೋ ಒಂದು ಅವಧಿಯನ್ನು ಬಾಯಿಬಿಟ್ಟು ಹೇಳಿ. ಅವಧಿ ಮೊದಲೇ ಗೊತ್ತಿದ್ದರೆ ಹೊರಡುವ ದಿನ ಯಾರಿಗೂ ಅದು ಮುನಿಸಿನಂತೆ ಕಾಣುವುದಿಲ್ಲ. ಮನೆಯ ಖರ್ಚಿಗೆ ತಿಂಗಳಿಗಿಷ್ಟು ಎಂದು ಕೊಡಿ. ಬೇಡವೆಂದರೆ ವಿದ್ಯುತ್, ಔಷಧಿಯಂಥ ಒಂದೆರಡು ಬಿಲ್ಲುಗಳನ್ನು ನಿಮ್ಮ ಹೆಸರಿಗೆ ತೆಗೆದುಕೊಳ್ಳಿ. ಸಂಬಳವಿದ್ದು ಹೆತ್ತವರು ಗಟ್ಟಿಯಿದ್ದರೆ ಮೊದಲ ಎರಡು ತಿಂಗಳು ಅವರ ಜೊತೆಗಿದ್ದು, ಅಷ್ಟರೊಳಗೆ ಹತ್ತಿರದಲ್ಲಿ ಬಾಡಿಗೆ ಮನೆ ನೋಡಿ. ಕೊಳ್ಳುವ ಮಾತು ಒಂದು ವರ್ಷ ತುಂಬಿದ ಮೇಲೆ.

ಯಾವ ದಾರಿ ಹಿಡಿದರೂ ಹೊರಡುವ ಮೊದಲು ಹೆತ್ತವರಿಗೆ ಒಂದು ಪ್ರಶ್ನೆ ಕೇಳಿ: ನಾವು ಬಂದ ಮೇಲೆ ನಿಮ್ಮ ದಿನದಲ್ಲಿ ಯಾವುದು ಬದಲಾಗಬಾರದು? ನಾನು ಇದನ್ನು ಕೇಳಿದ್ದು ಏಳನೇ ತಿಂಗಳಲ್ಲಿ, ಹೊಸ ಮನೆಗೆ ಪೆಟ್ಟಿಗೆ ಕಟ್ಟುತ್ತಿದ್ದಾಗ. ಅಪ್ಪ ಬೆಳಗಿನ ವಾಕಿಂಗ್ ಮತ್ತು ಮಾತ್ರೆಯ ಡಬ್ಬಿ ಎಂದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂಬತ್ತೂವರೆಗೆ ಎಲ್ಲರೂ ಒಳಗಿರಬೇಕು, ಅಷ್ಟೇ’ ಎಂದರು. ಈಗ ರಾತ್ರಿ ಆ ಹೊತ್ತಿಗೆ ನಾನೇ ಫೋನ್ ಮಾಡುತ್ತೇನೆ. ‘ನಾವೆಲ್ಲ ಒಳಗಿದ್ದೇವಮ್ಮ’ ಎನ್ನುತ್ತೇನೆ. ಆ ಕಡೆಯಿಂದ ಚಿಲಕದ ಸದ್ದು ಕೇಳುತ್ತದೆ.